ಏಳಲು ಏಳು ನಿಮಿಷ

ನನ್ನ ನಾದಿನಿ ಬೆಳಿಗ್ಗೆ ಏಳುವುದೇ ಒಂದು ದೊಡ್ಡ ಕಥೆ. ಒಂದು ಸಲ ಕರೆದರೆ ‘ಹೂಂ’ ಅನ್ನುತ್ತಾಳೆ, ಎರಡನೇ ಸಲಕ್ಕೆ ಮಗ್ಗುಲು ಬದಲಿಸುತ್ತಾಳೆ, ಮೂರನೇ ಸಲಕ್ಕೆ ಎದ್ದು ಕೂತು, ಕೂತಲ್ಲೇ ಇನ್ನೊಂದು ನಿದ್ದೆ ತೆಗೆಯುತ್ತಾಳೆ. ಊಟಕ್ಕೂ ನಿಧಾನ, ಸ್ನಾನಕ್ಕೂ ನಿಧಾನ, ಜಗಳಕ್ಕೂ ನಿಧಾನ; ಇವತ್ತು ಆಡಿದ ಮಾತಿಗೆ ಅವಳಿಗೆ ಸಿಟ್ಟು ಬರುವುದು ನಾಳೆ. ಹಾಗಾಗಿ ಸೋಮವಾರ ಅವಳ ಕೈಯಲ್ಲಿ ಒಂದು ಕರೆ ಏಳು ನಿಮಿಷ ತಡವಾಯಿತು ಎಂದು ಕೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಸಂಜೆ ಊಟದ ಮೇಜಿನಲ್ಲಿ ಎಲ್ಲರ ಎದುರಿಗೇ ಹೇಳಿಬಿಟ್ಟೆ, “ಸ್ವಲ್ಪ ಚುರುಕಾಗಿರ್ಬೇಕಿತ್ತು ಕಣೇ.”

ಅವಳು ತಟ್ಟೆಯಿಂದ ಕೈ ತೆಗೆದಳು. “ಸ್ಕ್ರೀನ್ ಏಳ್ಲಿಲ್ಲ ಅತ್ತಿಗೆ” ಎಂದು ಅಷ್ಟೇ ಅಂದು ಎದ್ದು ಹೋದಳು.

ವಿಷಯ ಇಷ್ಟು. ಅವಳು ಆಂಬುಲೆನ್ಸ್ ಕೇಂದ್ರದಲ್ಲಿ ಫೋನ್ ಎತ್ತುವವಳು. ಯಾರಾದರೂ ಕರೆ ಮಾಡಿದರೆ ವಿಳಾಸ, ತೊಂದರೆ ಎರಡನ್ನೂ ಸ್ಕ್ರೀನಿನಲ್ಲಿ ತುಂಬುತ್ತಾಳೆ. ಯಾವ ಗಾಡಿ ಹತ್ತಿರದಲ್ಲಿದೆ, ಯಾವುದು ಖಾಲಿ ಇದೆ ಎಂದು ಸ್ಕ್ರೀನು ತೋರಿಸುತ್ತದೆ. ಗುಂಡಿ ಒತ್ತಿದರೆ ಚಾಲಕನಿಗೆ ಸುದ್ದಿ ಹೋಗುತ್ತದೆ. ಮೊದಲು ಇದಕ್ಕೆಲ್ಲ ಒಂದು ದಪ್ಪ ಪುಸ್ತಕವಿತ್ತು. ನಮ್ಮ ಕಂಪನಿಯ ತಂತ್ರಾಂಶ ಬಂದ ಮೇಲೆ ಆ ಪುಸ್ತಕ ಕಪಾಟು ಸೇರಿತು. ತಂತ್ರಾಂಶದ ಅರ್ಧಕ್ಕಿಂತ ಹೆಚ್ಚು ಬರೆದವಳು ನಾನು. ಅಲ್ಲಿ ಒಂದು ಕೆಲಸ ಖಾಲಿ ಇದೆ ಎಂದು ನಾದಿನಿಗೆ ಹೇಳಿ ಅರ್ಜಿ ಹಾಕಿಸಿದವಳೂ ನಾನೇ.

ಸೋಮವಾರ ಬೆಳಿಗ್ಗೆ ಹತ್ತು ಹನ್ನೆರಡಕ್ಕೆ ಕರೆಂಟು ಹೋಗಿ ಬಂತು. ಕಣ್ಣು ಮಿಟುಕಿಸಿದಷ್ಟೇ ಹೊತ್ತು. ಆದರೆ ಬ್ಯಾಟರಿ ಹಳೆಯದು, ಸರ್ವರ್ ನಿಂತು ಮತ್ತೆ ಶುರುವಾಯಿತು. ಅದೇ ನಿಮಿಷದಲ್ಲಿ ಒಬ್ಬ ಹೆಂಗಸು ಕರೆ ಮಾಡಿ, ಅಪ್ಪನ ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ ಎಂದರು. ಅದು ಎರಡೇ ಕುರ್ಚಿಯ ಕೇಂದ್ರ, ಇನ್ನೊಂದು ಕುರ್ಚಿಯಾಕೆ ಅವತ್ತು ರಜೆ. ನಾದಿನಿ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡು, ನಂಬರು ಗೊತ್ತಿದ್ದ ಇಬ್ಬರು ಚಾಲಕರಿಗೆ ತನ್ನ ಫೋನಿನಿಂದಲೇ ಕರೆ ಮಾಡಿದಳು. ಒಬ್ಬ ಊರಾಚೆ ಇದ್ದ, ಇನ್ನೊಬ್ಬ ಎತ್ತಲಿಲ್ಲ. ಕೊನೆಗೆ ಸ್ಕ್ರೀನಿನಲ್ಲಿ ವಿವರ ತುಂಬಿ ಗಾಡಿ ಹೊರಟಾಗ ಹತ್ತು ಹತ್ತೊಂಬತ್ತು. ಆ ಅಪ್ಪ ಬದುಕಿದ್ದಾರೆ. ಬಲಗೈ ಮಾತ್ರ ಏಳುತ್ತಿಲ್ಲ.

ಮಗಳು ದೂರು ಕೊಟ್ಟರು, ಯಾರಾದರೂ ಕೊಡುತ್ತಿದ್ದರು. ಕೇಂದ್ರದವರು ನಮ್ಮ ಕಂಪನಿಯನ್ನು ಕೇಳಿದರು. ನಮ್ಮ ಸಾಹೇಬರು ದಾಖಲೆ ತೆಗೆಸಿ ಒಂದು ಪುಟದ ವರದಿ ಕಳಿಸಿದರು: ವ್ಯವಸ್ಥೆ ಹತ್ತು ಹನ್ನೆರಡಕ್ಕೇ ಶುರುವಾಗಿದೆ, ಕರೆಯ ವಿವರ ತುಂಬಿದ್ದು ಹತ್ತು ಹತ್ತೊಂಬತ್ತಕ್ಕೆ, ನಡುವಿನ ಏಳು ನಿಮಿಷ ಕರೆ ಸ್ವೀಕರಿಸಿದವರ ತಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಎದುರೇ ನಕ್ಕರು. ಅವಳು ನನ್ನ ನಾದಿನಿ ಎಂದು ಆಮೇಲೆ ನೆನಪಾಗಿ ಕೆಮ್ಮಿದರು. ಗುರುವಾರ ಮಧ್ಯಾಹ್ನ ಮೂರಕ್ಕೆ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡ ಎಂದು ಅವಳಿಗೆ ಕೇಂದ್ರದಿಂದ ಕಾಗದ ಬಂತು. ತಪ್ಪು ಅವಳದೆಂದು ತೀರ್ಮಾನವಾದರೆ ಹೋಗುವುದು ಆ ಒಂದು ಕುರ್ಚಿ ಮಾತ್ರವಲ್ಲ. ಜೀವ ಉಳಿಸುವ ಕರೆಯಲ್ಲಿ ಏಳು ನಿಮಿಷ ಸುಮ್ಮನೆ ಕೂತವಳು ಎಂಬ ಹೆಸರು ಹೊತ್ತವಳನ್ನು ಇನ್ನು ಯಾರು ಸೇರಿಸಿಕೊಳ್ಳುತ್ತಾರೆ?

ಮಂಗಳವಾರ ಆಫೀಸಿನಲ್ಲಿ ನಾನು ತಂತ್ರಾಂಶವನ್ನು ಇಪ್ಪತ್ತು ಸಲ ನಿಲ್ಲಿಸಿ ಶುರು ಮಾಡಿದೆ. ಪ್ರತಿ ಸಲವೂ ನಲವತ್ತು ಸೆಕೆಂಡಿಗೆ ಎದ್ದು ನಿಂತಿತು. ಮನೆಗೆ ಬಂದು ಹಾಗೆಂದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ನನಗೆ ರೇಗಿತು. ಸುಳ್ಳು ಹೇಳುವವಳಾದರೆ ಸರಿಯಾಗಿ ಹೇಳಬಾರದೇ?

ಬುಧವಾರ ಬೆಳಿಗ್ಗೆ, ಕೊನೆಗೂ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: ಆ ಹೊತ್ತಿನಲ್ಲಿ ಸ್ಕ್ರೀನಿನ ಮೇಲೆ ಏನಿತ್ತು?

“ಬೆಳ್ಳಗಿತ್ತು. ಮೂಲೇಲಿ ಹಸಿರು ದೀಪ ಉರೀತಿತ್ತು, ‘ಸಿದ್ಧ’ ಅಂತ. ಒಳಗೆ ಏನೂ ಇರ್ಲಿಲ್ಲ.”

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಸುಳ್ಳು ಹೇಳುವವಳು ದೀಪ ಕೆಂಪಗಿತ್ತು ಅನ್ನುತ್ತಾಳೆ. ಹಸಿರು ದೀಪ ಅವಳ ವಿರುದ್ಧದ ಸಾಕ್ಷಿ. ಅದನ್ನು ಅವಳೇ ತಂದು ನನ್ನ ಕೈಗಿಟ್ಟಳು. ಆ ದೀಪವನ್ನು ಹೊತ್ತಿಸುವುದು ಬೇರೊಂದು ಪುಟ್ಟ ಪ್ರೋಗ್ರಾಮು. ತಂತ್ರಾಂಶ ಏಳಲು ಶುರು ಮಾಡಿತೇ ಎಂದಷ್ಟೇ ಅದು ನೋಡುತ್ತದೆ, ಎದ್ದು ಮುಗಿಯಿತೇ ಎಂದಲ್ಲ. ದಾಖಲೆಯಲ್ಲಿ ‘ಶುರುವಾಯಿತು’ ಎಂಬ ಸಾಲು ಬೀಳುವುದೂ ಆಗಲೇ. ನನ್ನ ನಾದಿನಿ ಬೆಳಿಗ್ಗೆ ‘ಹೂಂ’ ಅಂದದ್ದನ್ನೇ ಎದ್ದಳು ಎಂದು ಬರೆದುಕೊಂಡ ಹಾಗೆ. ಇದು ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ ಅವಳ ಮುಖ ನೋಡಿ ಮೂಗು ಮುರಿದಿದ್ದೆ. ಬುಧವಾರವಿಡೀ ಕೇಂದ್ರದವರಿಂದ ಒಳಗೆ ಕೂರಲು ಒಪ್ಪಿಗೆ ಪಡೆಯುವುದರಲ್ಲೇ ಹೋಯಿತು.

ಗುರುವಾರ ಎಂಟಕ್ಕೆ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂತೆ. ನಡೆಯುತ್ತಿರುವ ಸರ್ವರನ್ನು ಮುಟ್ಟುವಂತಿಲ್ಲ. ಪಕ್ಕದಲ್ಲಿ ಅದರದೇ ಜೋಡಿ, ಮೀಸಲಿಗೆಂದು ಇಟ್ಟ ಇನ್ನೊಂದು ಇತ್ತು. ಕೋಣೆಗೆ ಕಿಟಕಿ ಇಲ್ಲ, ಒಂದು ಗಾಜಿನ ಗೋಡೆ ಮಾತ್ರ. ಅದರಾಚೆ ಎರಡು ಕುರ್ಚಿ: ಒಂದರಲ್ಲಿ ರಜೆ ಮುಗಿಸಿ ಬಂದಾಕೆ ಕಿವಿಗೆ ಫೋನು ಸಿಕ್ಕಿಸಿಕೊಂಡು ಇಬ್ಬರ ಕೆಲಸ ಮಾಡುತ್ತಿದ್ದಳು, ಇನ್ನೊಂದರ ಬೆನ್ನಿಗೆ ನನ್ನ ನಾದಿನಿಯ ನೀಲಿ ಸ್ವೆಟರು ನೇತಾಡುತ್ತಿತ್ತು. ನನ್ನ ಜೊತೆಗೆ ಇದ್ದದ್ದು ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವಾತ. ಸೊಂಟದಲ್ಲಿ ಗೊಂಚಲು ಬೀಗದ ಕೈ ಇಟ್ಟುಕೊಂಡು ಓಡಾಡುವುದರಿಂದ ಎಲ್ಲರೂ ಬೀಗದಣ್ಣ ಅನ್ನುತ್ತಿದ್ದರು.

ಮೀಸಲು ಯಂತ್ರವನ್ನು ನಿಲ್ಲಿಸಿ ಶುರು ಮಾಡಿದೆ. ಹಸಿರು ದೀಪ ತಕ್ಷಣ ಹೊತ್ತಿತು. ಪುಟ ಬಿಳಿಯಾಗಿಯೇ ನಿಂತಿತು. ಒಂದು ನಿಮಿಷ, ಎರಡು, ಐದು. ಏಳು ನಿಮಿಷ ಒಂದು ಸೆಕೆಂಡಿಗೆ ಪುಟ ತೆರೆಯಿತು. ಏಳಲು ಏಳು ನಿಮಿಷ! ಅವಳು ಹೇಳಿದ್ದು ಅಕ್ಷರಶಃ ನಿಜ. ಆ ಕ್ಷಣದ ಖುಷಿಯ ಹಿಂದೆಯೇ ಊಟದ ಮೇಜಿನಲ್ಲಿ ನಾನಾಡಿದ ಮಾತು ನೆನಪಾಯಿತು.

ಇದುವರೆಗೆ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದು ಬೀಗದಣ್ಣನನ್ನು ಕೇಳಿದೆ. ಸರ್ವರನ್ನು ನಿಲ್ಲಿಸುವುದೇ ವರ್ಷಕ್ಕೆ ಒಂದೋ ಎರಡೋ ಸಲವಂತೆ, ಅದೂ ಬೆಳಗಿನ ಜಾವ, ಪಾಳಿ ಬದಲಾಗುವ ಹೊತ್ತಿಗೆ. ಗುಂಡಿ ಒತ್ತಿ ಟೀ ಕುಡಿದು ಬರುವಷ್ಟರಲ್ಲಿ ಎದ್ದಿರುತ್ತದಂತೆ.

ಆದರೆ ಏಳು ನಿಮಿಷ ಹಿಡಿಯುತ್ತದೆ ಎಂದು ತೋರಿಸಿದರೆ ಸಾಲದು. ಯಾಕೆ ಎಂದು ಹೇಳದಿದ್ದರೆ, ಇವತ್ತು ಏನೋ ಕೆಟ್ಟಿರಬೇಕು, ಸೋಮವಾರ ಸರಿಯಿತ್ತು ಎಂದು ನಮ್ಮ ಸಾಹೇಬರು ನಾಲಿಗೆ ಹೊರಳಿಸುತ್ತಾರೆ. ಅವರ ನಾಲಿಗೆ ನನಗೆ ಗೊತ್ತು. ಹುಡುಕಲು ಕೂತೆ.

ಹೊರಗಿನವರಿಗೆ ತಿಳಿಯುವಂತೆ ಹೇಳುವುದಾದರೆ, ಫ್ರೇಮ್‌ವರ್ಕ್ ಎನ್ನುವುದು ನಾವು ಬರೆದ ನೂರಾರು ತುಣುಕುಗಳನ್ನು ಜೋಡಿಸಿ ನಡೆಸುವ ಸಿದ್ಧ ಚೌಕಟ್ಟು. ಏಳುವಾಗ ಅದು ಶಾಲೆಯ ಮೇಷ್ಟರ ಹಾಗೆ ಒಂದೊಂದು ತುಣುಕಿನ ಹೆಸರು ಹಿಡಿದು ಹಾಜರಿ ಕೂಗುತ್ತದೆ. ಒಬ್ಬರು ‘ಬಂದೆ’ ಅನ್ನುವವರೆಗೂ ಮುಂದಿನವರನ್ನು ಕರೆಯುವುದಿಲ್ಲ. ಯಾರೋ ಒಬ್ಬರು ಬಾಯಿ ಬಿಡುತ್ತಿಲ್ಲ. ಯಾರು ಎಂದು ಮೇಷ್ಟರೂ ಹೇಳುತ್ತಿಲ್ಲ.

ಮೆಮೊರಿ ಹೆಚ್ಚಿಸಿದೆ. ಏಳು ನಿಮಿಷ. ಡೇಟಾಬೇಸಿಗೆ ಹೋಗುವ ದಾರಿ ಕಡಿದು ಹಾಕಿದೆ. ಏಳು ನಿಮಿಷ. ತುಣುಕುಗಳಲ್ಲಿ ಅರ್ಧ ತೆಗೆದೆ, ಏಳು ನಿಮಿಷ. ಅವನ್ನು ಹಾಕಿ ಇನ್ನರ್ಧ ತೆಗೆದೆ, ಮತ್ತೆ ಏಳು ನಿಮಿಷ. ಒಂದು ಪದ ಬದಲಿಸಬೇಕಾದರೂ ನಿಲ್ಲಿಸು, ಶುರು ಮಾಡು, ಬಿಳಿ ಪುಟ ನೋಡುತ್ತಾ ಕೂರು. ಹಸಿರು ದೀಪ ಮಾತ್ರ ನನ್ನನ್ನು ಅಣಕಿಸುತ್ತಾ ‘ಸಿದ್ಧ, ಸಿದ್ಧ’ ಎನ್ನುತ್ತಿತ್ತು. ಹತ್ತೂವರೆಯ ಹೊತ್ತಿಗೆ ಅದಕ್ಕೆ ಚೀಟಿ ಅಂಟಿಸಿ ಮುಚ್ಚಿದೆ. ಹನ್ನೊಂದಕ್ಕೆ ಇದನ್ನು ಬರೆದವರ ವಂಶವನ್ನೆಲ್ಲ ಬೈದೆ. ಹನ್ನೊಂದೂವರೆಗೆ ಈ ಕೆಲಸ ಬಿಟ್ಟು ಬಟ್ಟೆ ಹೊಲಿದು ಬದುಕುವುದೆಂದು ತೀರ್ಮಾನಿಸಿದೆ. ಗಾಜಿನಾಚೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಆ ಒಬ್ಬಾಕೆ ಎತ್ತುತ್ತಲೇ ಇದ್ದಳು, ನೀಲಿ ಸ್ವೆಟರು ಸುಮ್ಮನೆ ನೇತಾಡುತ್ತಿತ್ತು. ಮೂರಕ್ಕೆ ಇನ್ನು ಎಷ್ಟು ಏಳು ನಿಮಿಷಗಳಿವೆ ಎಂದು ಲೆಕ್ಕ ಹಾಕಿ, ಹಾಕಿದ್ದಕ್ಕೇ ಪಶ್ಚಾತ್ತಾಪಪಟ್ಟೆ.

ಹದಿನೇಳನೆಯ ಸಲ ಕಾಯುತ್ತಿರುವಾಗ ಒಂದು ವಿಷಯ ಕಿವಿಗೆ ಬಿತ್ತು. ಯಂತ್ರದ ಫ್ಯಾನು ಸದ್ದು ಮಾಡುತ್ತಿರಲಿಲ್ಲ. ಕೆಲಸ ಮಾಡುವ ಯಂತ್ರ ಬಿಸಿಯಾಗಿ ಗೊರಗೊರ ಅನ್ನಬೇಕು. ಇದು ಕೈಕಟ್ಟಿ ಕೂತಿತ್ತು. ಬರೆದಿಟ್ಟುಕೊಂಡ ಹೊತ್ತುಗಳನ್ನು ನೋಡಿದೆ: ಹದಿನಾರಕ್ಕೆ ಹದಿನಾರು ಸಲವೂ ಏಳು ನಿಮಿಷದ ಆಚೀಚೆ ಒಂದೆರಡು ಸೆಕೆಂಡು. ಮೈಮುರಿದು ದುಡಿಯುವವನ ಹೊತ್ತು ದಿನಕ್ಕೊಂದು ಥರ ಇರುತ್ತದೆ. ಇಷ್ಟು ಕರಾರುವಾಕ್ಕಾಗಿ ತಡ ಮಾಡುವವನು ಯಾರಿಗೋ ಕಾಯುತ್ತಿದ್ದಾನೆ.

“ಇದು ಯಾರಿಗೋ ಕಾಯ್ತಾ ಇದೆ” ಎಂದು ಗಟ್ಟಿಯಾಗಿಯೇ ಅಂದೆ.

ಬೀಗದಣ್ಣ ಬಾಗಿಲ ಬಳಿ ಬಿಸ್ಕತ್ತು ತಿನ್ನುತ್ತಿದ್ದ. “ಹಳೇ ಮಿಷಿನ್‌ಗಾ ಮೇಡಂ?” ಎಂದ.

ಯಾವ ಹಳೇ ಮಿಷಿನ್ನು ಎಂದು ಕೇಳಿದೆ. ಕೇಂದ್ರದ ನೆಟ್‌ವರ್ಕಿಗೆ ಒಂದು ತಡೆಗೋಡೆ ಇದೆ. ಹೊರಗೆ ಹೋಗುವ ಪ್ರತಿ ಕರೆಯೂ ಅದರ ದಾಖಲೆಯಲ್ಲಿ ಬೀಳುತ್ತದೆ. ಈ ಸರ್ವರ್ ಏಳುವಾಗಲೆಲ್ಲ ಒಂದು ಹಳೆಯ ವಿಳಾಸಕ್ಕೆ ಮೂರು ಸಲ ಕರೆ ಮಾಡುತ್ತದಂತೆ. ಆ ವಿಳಾಸದ ಯಂತ್ರವನ್ನು ನಾಲ್ಕು ವರ್ಷದ ಹಿಂದೆಯೇ ಬಿಚ್ಚಿ ಗುಜರಿಗೆ ಹಾಕಿದ್ದಾರೆ. ಗೊತ್ತಿಲ್ಲದ ವಿಳಾಸವಾದ್ದರಿಂದ ತಡೆಗೋಡೆ ಕರೆಯನ್ನು ಸದ್ದಿಲ್ಲದೆ ನುಂಗುತ್ತದೆ. ನಾಲ್ಕು ವರ್ಷದಿಂದ ಅವನು ನೋಡುತ್ತಲೇ ಬಂದಿದ್ದಾನೆ.

ಮತ್ತೆ ಹೇಳಲಿಲ್ಲ ಯಾಕೆ ಎಂದರೆ, ನೀವು ಕೇಳಲಿಲ್ಲವಲ್ಲ ಎಂದ. ನಿಮ್ಮದೇ ಏನೋ ಏರ್ಪಾಟಿರಬೇಕು, ಇರಲಿ ಎಂದು ಬಿಟ್ಟಿದ್ದನಂತೆ.

ಎಲ್ಲವೂ ಒಂದೇ ಏಟಿಗೆ ಬಿಡಿಸಿಕೊಂಡಿತು. ಖಾಲಿ ಮನೆಯ ಬಾಗಿಲು ತಟ್ಟಿದಾಗ ಪಕ್ಕದ ಮನೆಯವರು ‘ಯಾರೂ ಇಲ್ಲ’ ಎಂದರೆ ತಕ್ಷಣ ಹಿಂತಿರುಗುತ್ತೇವೆ. ಯಾರೂ ಏನೂ ಹೇಳದಿದ್ದರೆ ಇನ್ನೂ ತಟ್ಟುತ್ತಾ ನಿಲ್ಲುತ್ತೇವೆ. ನಮ್ಮ ಆಫೀಸಿನ ನೆಟ್‌ವರ್ಕು ‘ಯಾರೂ ಇಲ್ಲ’ ಎನ್ನುವಂಥದು, ಹಾಗಾಗಿ ನಲವತ್ತೇ ಸೆಕೆಂಡು. ಇಲ್ಲಿಯ ಗೋಡೆ ಮೂಕ. ಒಂದೊಂದು ಸಲಕ್ಕೆ ಎರಡು ನಿಮಿಷದ ಮೇಲೆ ಏಳು ಸೆಕೆಂಡು, ಅಂಥ ಮೂರು ಸಲ, ಜೊತೆಗೆ ನಲವತ್ತು ಸೆಕೆಂಡು. ಏಳು ನಿಮಿಷ ಒಂದು ಸೆಕೆಂಡು.

ಆ ವಿಳಾಸವನ್ನು ಕೋಡಿನಲ್ಲಿ ಹುಡುಕಿದೆ. ಎಲ್ಲ ತುಣುಕುಗಳಿಗೂ ಬೇಕಾದ, ಹಾಗಾಗಿ ನಾನು ಒಮ್ಮೆಯೂ ತೆಗೆಯದ ಮೂಲ ಫೈಲಿನಲ್ಲೇ ಇತ್ತು. ಪಕ್ಕದಲ್ಲಿ, ಬರೆದವರ ಹೆಸರು ಬೀಳುವ ಜಾಗದಲ್ಲಿ, ದೊಡ್ಡಣ್ಣನ ಹೆಸರು.

ದೊಡ್ಡಣ್ಣ ನಮ್ಮ ಗುಂಪಿನ ಹಿರಿಯ, ಕಂಪನಿ ಬಿಟ್ಟು ಹೋಗಿ ಎರಡು ವರ್ಷ. ಅವನು ನಮಗೆಲ್ಲ ಒಂದು ಪಾಠ ಹೇಳಿಕೊಟ್ಟಿದ್ದ: ಅರ್ಥವಾಗದ ಸಾಲನ್ನು ತೆಗೆಯಬೇಡಿ, ಮೇಲೆ ‘ಇರಲಿ’ ಎಂದು ಟಿಪ್ಪಣಿ ಬರೆದು ಮುಂದೆ ಹೋಗಿ. ನಮ್ಮ ಕೋಡಿನಲ್ಲಿ ಅಂಥ ಅರವತ್ತನಾಲ್ಕು ಇರಲಿಗಳಿದ್ದವು. ಬಿಟ್ಟು ಹೋದವನ ಮೇಲೆ ಗೂಬೆ ಕೂರಿಸುವ ಸುಖವೇ ಬೇರೆ. ಬೆಳಿಗ್ಗೆಯಿಂದ ಕೂಡಿಟ್ಟ ಬೈಗುಳವನ್ನೆಲ್ಲ ಅವನಿಗೆ ಅರ್ಪಿಸುತ್ತಾ ಆ ಸಾಲಿನ ಮೇಲಿನ ಟಿಪ್ಪಣಿ ಓದಿದೆ. ‘ಹಳೇ ಗಾಡಿ ಪಟ್ಟಿ. ಈಗ ಬೇಕಾಗಲ್ಲ ಅನ್ಸುತ್ತೆ. ಇರ್ಲಿ ಬಿಡು.’

ಬೈಗುಳ ಬಾಯಲ್ಲೇ ಉಳಿಯಿತು.

ಕೋಡನ್ನು ಹೊಸ ಜಾಗಕ್ಕೆ ಸಾಗಿಸಿದವನು ದೊಡ್ಡಣ್ಣ, ಹಾಗಾಗಿ ಪ್ರತಿ ಸಾಲಿನ ಪಕ್ಕಕ್ಕೂ ಬಿದ್ದದ್ದು ಅವನ ಹೆಸರೇ. ಆದರೆ ಅವನು ಅಚ್ಚುಕಟ್ಟಾಗಿ ‘ಇರಲಿ’ ಎಂದಷ್ಟೇ ಬರೆಯುತ್ತಿದ್ದ. ಉಳಿದವರೂ ಅದನ್ನೇ ನೋಡಿ ಬರೆದರು. ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವಳ ಹಾಗೆ ‘ಇರ್ಲಿ ಬಿಡು’ ಎಂದು ಬರೆಯುತ್ತಿದ್ದವಳು ಇಡೀ ಆಫೀಸಿನಲ್ಲಿ ಒಬ್ಬಳೇ. ಗಾಡಿಗಳ ಪಟ್ಟಿ ಬೇರೆ ಯಂತ್ರದಲ್ಲಿದ್ದ ಕಾಲದಲ್ಲಿ ಆ ಸಾಲು ಬರೆದವಳೂ ನಾನು, ಪಟ್ಟಿ ಸ್ಥಳ ಬದಲಿಸಿದಾಗ ಅಳಿಸಲು ಸೋಮಾರಿತನ ಮಾಡಿದವಳೂ ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಒಂದೂವರೆಗೆ ಸಾಹೇಬರು ಬಂದರು. ಎಲ್ಲ ಹೇಳಿದೆ, ಬರೆದವಳು ನಾನೇ ಎಂಬುದನ್ನೂ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನನ್ನ ಮೊಣಕೈ ಪಕ್ಕದಲ್ಲಿದ್ದ ಬಿಸ್ಕತ್ತು ತಿನ್ನುತ್ತಾ ಕೇಳಿದರು. ಆ ಸಾಲು ಅಳಿಸಿಬಿಡಿ, ಇನ್ನು ಮುಂದೆ ತೊಂದರೆ ಬರುವುದಿಲ್ಲ, ವರದಿ ಹೇಗಿದೆಯೋ ಹಾಗಿರಲಿ ಎಂದರು. ನಾದಿನಿಗೆ ಬೇರೆ ಕಡೆ ತಾವೇ ಕೆಲಸ ನೋಡುತ್ತಾರಂತೆ. ಅದು ಆಗುವುದಿಲ್ಲ ಎಂದೆ. ಹಾಗಾದರೆ ದೊಡ್ಡಣ್ಣನ ಹೆಸರು ಹೇಳಿ, ದಾಖಲೆಯೂ ಅದನ್ನೇ ಹೇಳುತ್ತದೆ ಎಂದರು. ಸುಳ್ಳೇಕೆ, ಅರ್ಧ ನಿಮಿಷ ಮನಸ್ಸು ಆ ಕಡೆ ವಾಲಿತು.

ಆಮೇಲೆ ಸಾಹೇಬರು ನನ್ನ ಹೆಗಲು ತಟ್ಟಿ, “ನೋಡಮ್ಮ, ತಪ್ಪು ಎಲ್ಲರ ಕೈಲೂ ಆಗುತ್ತೆ. ಇರ್ಲಿ ಬಿಡು” ಎಂದರು. ಬೇರೆ ಯಾವ ಮಾತು ಆಡಿದ್ದರೂ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮೂರಕ್ಕೆ ಎಲ್ಲರೂ ಹಿಂದಿನ ಕೋಣೆಗೇ ಬರಬೇಕೆಂದು ಕೇಂದ್ರದ ಮುಖ್ಯಸ್ಥೆಯನ್ನು ಕೇಳಿಕೊಂಡೆ. ಸಣ್ಣ ಕೋಣೆ, ಐದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು: ಮುಖ್ಯಸ್ಥೆ, ಸಾಹೇಬರು, ನಾನು, ನಾದಿನಿ, ಮತ್ತು ದೂರು ಕೊಟ್ಟ ಮಗಳು. ಆಕೆ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು, ಕೈಯಲ್ಲಿ ಅಪ್ಪನ ಫ್ಲಾಸ್ಕು ಇತ್ತು. ನಾದಿನಿ ಕೆಟ್ಟ ಅಂಕ ತಂದ ಮಗುವಿನ ಹಾಗೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಿದ್ದಳು. ನಾನು ವಿವರಣೆ ಕೊಡಲಿಲ್ಲ. ಸೋಮವಾರ ಆದದ್ದು ಇದೇ, ನೋಡಿ ಎಂದಷ್ಟೇ ಹೇಳಿ, ದೀಪದ ಮೇಲಿನ ಚೀಟಿ ಕಿತ್ತು, ಯಂತ್ರವನ್ನು ನಿಲ್ಲಿಸಿ ಶುರು ಮಾಡಿದೆ.

ದೀಪ ಹಸಿರಾಯಿತು. ಸಾಹೇಬರು ದೀಪದತ್ತ ಕೈ ತೋರಿಸಿ ಏನೋ ಹೇಳಲು ಹೋದರು; ಪುಟ ಬಿಳಿಯಾಗಿಯೇ ಇರುವುದನ್ನು ಕಂಡು ಮುಖ್ಯಸ್ಥೆ ಅವರನ್ನು ತಡೆದರು. ಕಾದೆವು. ಒಂದು ನಿಮಿಷಕ್ಕೆ ಮುಖ್ಯಸ್ಥೆ ಕೈಗಡಿಯಾರ ನೋಡಿದರು. ಎರಡಕ್ಕೆ ಸಾಹೇಬರು ಕಾಲು ಅಲ್ಲಾಡಿಸತೊಡಗಿದರು. ಮೂರನೇ ನಿಮಿಷಕ್ಕೆ ಆ ಮಗಳು ಫ್ಲಾಸ್ಕನ್ನು ನೆಲಕ್ಕಿಟ್ಟು ಮುಂದಕ್ಕೆ ಬಾಗಿ ಬಿಳಿ ಪುಟವನ್ನೇ ನೋಡಿದರು. ಐದಕ್ಕೆ ಎದ್ದು ನಿಂತರು. ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನನ್ನ ನಾದಿನಿಯ ಕಡೆ ತಿರುಗಿ, “ಇಷ್ಟು ಹೊತ್ತೂ ಲೈನಲ್ಲೇ ಇದ್ರಿ ನೀವು. ಅಪ್ಪನ್ನ ಮಗ್ಗುಲಿಗೆ ಮಲಗ್ಸಿ, ನೀರು ಕೊಡ್ಬೇಡಿ ಅಂತ ಹೇಳ್ತಾನೇ ಇದ್ರಿ” ಎಂದರು.

ಇದನ್ನು ನಾದಿನಿ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಏಳು ನಿಮಿಷ ಒಂದು ಸೆಕೆಂಡಿಗೆ ಪುಟ ತೆರೆಯಿತು. ನಾನು ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಸ್ಕ್ರೀನಿಗೆ ತಂದೆ. ಅದೇನು ಮಾಡುತ್ತದೆ ಎಂದು ಹೇಳಿದೆ. ಅದನ್ನು ಅಳಿಸಿ ಇನ್ನೊಮ್ಮೆ ಶುರು ಮಾಡಿದೆ; ಮಗಳು ಫ್ಲಾಸ್ಕು ಎತ್ತಿಕೊಂಡು ಮತ್ತೆ ಕೂರುವಷ್ಟರಲ್ಲಿ ಪುಟ ಬಂತು. ಯಾರು ಬರೆದದ್ದು ಎಂದು ಮುಖ್ಯಸ್ಥೆ ಕೇಳಿದರು. ಸಾಹೇಬರು, ಅದು ನಮ್ಮಲ್ಲಿ ಮೊದಲಿದ್ದ ಒಬ್ಬರು, ಎಂದು ಶುರು ಮಾಡಿದರು.

“ನಾನು” ಎಂದೆ. “ಅವರಲ್ಲ. ಇದು ನಾನು ಬರೆದದ್ದು.”

ಮಗಳು ಟಿಪ್ಪಣಿಯನ್ನು ನಿಧಾನವಾಗಿ, ಒಂದೊಂದೇ ಪದ ಓದಿದರು. ಕೊನೆಯ ಎರಡು ಪದಗಳನ್ನು ಎರಡು ಸಲ ಓದಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫ್ಲಾಸ್ಕು ಹಿಡಿದುಕೊಂಡು, ಅಪ್ಪನಿಗೆ ಊಟ ಮಾಡಿಸುವ ಹೊತ್ತಾಯಿತು, ಇನ್ನು ಮೇಲೆ ತಾನೇ ತಿನ್ನಿಸಬೇಕು ಎಂದು ಹೇಳಿ ಹೊರಟರು.

ಮುಖ್ಯಸ್ಥೆ ಹಳೆಯ ವರದಿಯ ಮೇಲೆ ಅಡ್ಡಗೆರೆ ಎಳೆದು, ನನ್ನಿಂದ ಹೊಸದನ್ನು ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಸಾಹೇಬರು ನನ್ನ ಕಡೆ ನೋಡದೆ ಹೋದರು. ನಾಳೆ ಅವರೊಂದಿಗೆ ಏನಾಗುತ್ತದೋ ನಾಳೆ ನೋಡಿಕೊಳ್ಳಬೇಕು. ಬೀಗದಣ್ಣ ಕರೆಗಳನ್ನೆಲ್ಲ ಸರಿಪಡಿಸಿದ ಯಂತ್ರಕ್ಕೆ ತಿರುಗಿಸಿದ. ಕಪಾಟಿನ ಪುಸ್ತಕವನ್ನೂ ಕುರ್ಚಿಗಳ ಪಕ್ಕಕ್ಕೆ ತಂದಿಡಲು ಮುಖ್ಯಸ್ಥೆ ಹೇಳಿದರು. ನಾಲ್ಕರ ಪಾಳಿಗೆ ಕೂರಲು ಆಗುತ್ತದೆಯೇ ಎಂದು ನಾದಿನಿಯನ್ನು ಕೇಳಿದರು. ಆಗುತ್ತದೆ ಎಂದಳು.

ಅವಳು ಸ್ವೆಟರು ಹಾಕಿಕೊಳ್ಳುತ್ತಿದ್ದಾಗ ಪಕ್ಕಕ್ಕೆ ಹೋಗಿ ನಿಂತೆ. ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ನಾನು ಅವಳ ಹತ್ತಿರ ಕ್ಷಮೆ ಕೇಳಿದ್ದೇ ಇಲ್ಲ. ಸೋಮವಾರ ಎಲ್ಲರ ಎದುರು ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ಅವಳು ಒಂದು ತೋಳು ಹಾಕಿಕೊಂಡು ಇನ್ನೊಂದು ತೋಳನ್ನು ಹುಡುಕುತ್ತಾ ಎಂದಿನ ನಿಧಾನದಲ್ಲಿ ಯೋಚಿಸಿದಳು. ಅವಳು ಏನನ್ನುತ್ತಾಳೆಂದು ನನಗೆ ಗೊತ್ತಿತ್ತು. ಹಾಲು ಉಕ್ಕಿದರೂ, ಲೋಟ ಒಡೆದರೂ, ಅವಳ ಬಾಯಿಗೆ ಮೊದಲು ಬರುವ ಮಾತು ಅದೇ. ತುಟಿ ‘ಇ’ ಎಂದು ಅಗಲವಾದದ್ದನ್ನೂ ಕಂಡೆ.

ಅಲ್ಲಿಗೇ ನಿಲ್ಲಿಸಿದಳು.

“ಆ ಮಾತು ಹೇಳ್ಲಿ ಅಂತ ಕಾಯ್ತಿದೀರಾ ಅತ್ತಿಗೆ?”

ಹೌದು ಎಂದು ತಲೆ ಆಡಿಸಿದೆ.

“ಹೇಳಲ್ಲ” ಎಂದು ಅವಳು ಕುರ್ಚಿ ಎಳೆದು ಕೂತಳು. ಫೋನು ಬಡಿದುಕೊಂಡಿತು. ಮೊದಲ ರಿಂಗು ಮುಗಿಯುವ ಮುಂಚೆಯೇ ಎತ್ತಿದಳು.